ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್: ಮೇವು-ನೀರು ಕೊಡುವ ಸರಿಯಾದ ಕ್ರಮ, ಹಂತ ಹಂತವಾಗಿ

‘ಬಟ್ಟಲು ತುಂಬಿಯೇ ಇತ್ತು, ಬಾಟಲಿಯಲ್ಲಿ ನೀರೂ ಇತ್ತು. ಆದರೂ ಹೀಗಾಯಿತು.’ ಸಾಕಿದ ಮೊಲವೋ ಗಿನಿಪಿಗ್ಗೋ ಕಾಯಿಲೆ ಬಿದ್ದಾಗ ಅದನ್ನು ಸಾಕಿದವರ ಬಾಯಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದು. ಇವರಲ್ಲಿ ಯಾರೂ ಪ್ರಾಣಿಯನ್ನು ಉಪವಾಸ ಕೆಡವಿದವರಲ್ಲ. ಪ್ರೀತಿಯಿಂದಲೇ ನೋಡಿಕೊಂಡವರು. ಆದರೆ ಬಹುತೇಕರು ಒಂದೇ ತಪ್ಪು ಮಾಡಿರುತ್ತಾರೆ: ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾ ಹೋಗಿರುತ್ತಾರೆ. ಬಟ್ಟಲು ಅರ್ಧವಾದರೆ ತುಂಬಿಸು, ಬಾಟಲಿ ಕಾಲು ಭಾಗ ಇಳಿದರೆ ತುಂಬಿಸು. ಹೀಗೆ ಮಾಡಿದಾಗ ತಳದಲ್ಲಿ ಬೂಷ್ಟು ಬೆಳೆಯುತ್ತದೆ ಎನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ, ಪ್ರಾಣಿ ನಿನ್ನೆ ಎಷ್ಟು ತಿಂದಿತು, ಎಷ್ಟು ಕುಡಿಯಿತು ಎನ್ನುವ ಲೆಕ್ಕವೇ ಕಳೆದುಹೋಗುತ್ತದೆ. ನೋವನ್ನು ಮುಚ್ಚಿಟ್ಟುಕೊಳ್ಳುವ ಈ ಪುಟ್ಟ ಜೀವಗಳ ಆರೋಗ್ಯ ನಮಗೆ ಮೊದಲು ತಿಳಿಯುವುದು ಬಟ್ಟಲಿನಲ್ಲಿ ಉಳಿದ ಮೇವಿನಿಂದ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ತೆಗೆಯಿರಿ, ನೋಡಿ, ತೊಳೆಯಿರಿ, ಆಮೇಲೆ ಹಾಕಿ. ದಿನಕ್ಕೊಮ್ಮೆ ಪೂರ್ತಿ ಸುತ್ತು ಬೇಕು. ಸಂಜೆ ನೀರು ಮತ್ತು ಹುಲ್ಲನ್ನು ಇನ್ನೊಮ್ಮೆ ನೋಡಬೇಕು.

ಮೊದಲು ಒಟ್ಟುಮಾಡಿಕೊಳ್ಳಬೇಕಾದ ಸಲಕರಣೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಜೊತೆ ಪಾತ್ರೆಗಳು. ಒಂದು ಜೊತೆ ಗೂಡಿನಲ್ಲಿದ್ದಾಗ ಇನ್ನೊಂದು ತೊಳೆದು ಒಣಗುತ್ತಿರಬೇಕು. ಒಂದೇ ಬಾಟಲಿ ಇರುವ ಮನೆಯಲ್ಲಿ ಅದು ಸರಿಯಾಗಿ ತೊಳೆಯಲ್ಪಡುವುದಿಲ್ಲ. ಅವಸರದಲ್ಲಿ ಒಂದು ಸಲ ಕಲಕಿ ಮತ್ತೆ ತೂಗುಹಾಕಿಬಿಡುತ್ತಾರೆ.

ಬಟ್ಟಲು ಪಿಂಗಾಣಿಯದಾಗಿರಲಿ, ತಳ ಅಗಲವಾಗಿ ಭಾರವಾಗಿರಲಿ. ಪ್ಲಾಸ್ಟಿಕ್ ಬಟ್ಟಲನ್ನು ಕಡಿಯುತ್ತವೆ, ಮಗುಚುತ್ತವೆ. ಗೀರು ಬಿದ್ದಲ್ಲಿ ಕೊಳೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಳಿದಂತೆ ಬೇಕಾದವು: ಬಾಟಲಿ ತೊಳೆಯುವ ಉದ್ದನೆಯ ಬ್ರಷ್, ಲೋಹದ ಕೊಳವೆಯೊಳಗೆ ಹೋಗುವಷ್ಟು ಸಣ್ಣ ಬ್ರಷ್, ಈ ಕೆಲಸಕ್ಕೆಂದೇ ಮೀಸಲಾದ ಬೋಗುಣಿ ಮತ್ತು ಸ್ಪಂಜು, ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅಳತೆಯ ಚಮಚ, ಒಂದು ಸಣ್ಣ ನೋಟ್‌ಬುಕ್. ಒಣಹುಲ್ಲು ಇಡುವ ಜಾಲರಿ ಕೊಳ್ಳುವುದಾದರೆ ಅದರ ಸಂದುಗಳಲ್ಲಿ ತಲೆಯಾಗಲಿ ಕಾಲಾಗಲಿ ಸಿಕ್ಕಿಕೊಳ್ಳದಂಥದ್ದನ್ನು ಆರಿಸಿ.

ಹಂತ 1: ಕೈ ತೊಳೆದು ಹಳೆಯದನ್ನೆಲ್ಲ ಹೊರಗೆ ತೆಗೆಯಿರಿ

ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ. ಕೆಲಸ ಮುಗಿದ ಮೇಲೆ ತೊಳೆಯುವುದು ಎಲ್ಲರಿಗೂ ನೆನಪಿರುತ್ತದೆ. ಮೊದಲು ತೊಳೆಯುವುದು ಮರೆಯುತ್ತದೆ. ಈರುಳ್ಳಿ ಹೆಚ್ಚಿದ ಕೈ, ಲೋಷನ್ ಹಚ್ಚಿದ ಕೈ, ಬೇರೆ ಪ್ರಾಣಿಯನ್ನು ಮುಟ್ಟಿದ ಕೈ ಇವುಗಳ ಮೇವಿಗೆ ತಾಗಬಾರದು.

ಬಳಿಕ ಬಟ್ಟಲು, ಬಾಟಲಿ, ಒದ್ದೆಯಾದ ಹುಲ್ಲು, ಬಾಡಿದ ಸೊಪ್ಪು ಎಲ್ಲವನ್ನೂ ಹೊರತೆಗೆಯಿರಿ. ಎರಡು ಗೂಡುಗಳಿದ್ದರೆ ಒಂದರ ಪಾತ್ರೆ ಇನ್ನೊಂದಕ್ಕೆ ಹೋಗದಂತೆ ಗುರುತು ಹಾಕಿಡಿ. ಕಾಯಿಲೆಯ ಪ್ರಾಣಿ ಇದ್ದರೆ ಅದರ ಗೂಡಿಗೆ ಕೊನೆಯಲ್ಲಿ ಕೈ ಹಾಕಿ.

ಹಂತ 2: ಉಳಿದದ್ದನ್ನೂ ಹಿಕ್ಕೆಯನ್ನೂ ನೋಡಿ

ಇದು ಒಂದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಉಳಿದ ಹಂತಗಳ ಅರ್ಧ ಪ್ರಯೋಜನ ಹೋಯಿತು. ನೀರು ಎಷ್ಟು ಇಳಿದಿದೆ? ಪೆಲೆಟ್, ಅಂದರೆ ಗುಳಿಗೆಯಂತೆ ಒತ್ತಿ ಮಾಡಿದ ಒಣ ಮೇವು, ಪೂರ್ತಿ ಖಾಲಿಯೋ, ಹಾಗೆಯೇ ಇದೆಯೋ? ಹುಲ್ಲು ಕಡಿಮೆಯಾಗಿದೆಯೋ, ಬರೀ ಕೆದರಿದೆಯೋ?

ಆಮೇಲೆ ಹಿಕ್ಕೆ. ಮೊಲದ ಹಿಕ್ಕೆ ಗುಂಡಗೆ, ಒಣಗಿ, ಒಂದೇ ಗಾತ್ರದಲ್ಲಿರಬೇಕು. ಒಡೆದರೆ ಒಳಗೆ ಹುಲ್ಲಿನ ಪುಡಿ ಕಾಣಬೇಕು. ಸಣ್ಣದಾಗುತ್ತಾ, ಗಟ್ಟಿಯಾಗುತ್ತಾ ಹೋದರೆ ಅದು ಕಡಿಮೆ ತಿನ್ನುತ್ತಿದೆ ಎಂದರ್ಥ. ಮೆತ್ತಗೆ, ಹೊಳೆಯುವ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ ಹಿಕ್ಕೆ ಬೇರೆ. ಅದು ಭೇದಿಯಲ್ಲ. ಮೊಲ ಅದನ್ನು ಹಾಕುತ್ತಲೇ ನೇರವಾಗಿ ತಿಂದುಬಿಡುತ್ತದೆ, ಅದರಿಂದಲೇ ಅದಕ್ಕೆ ಬಿ ಜೀವಸತ್ವಗಳೂ ಪ್ರೋಟೀನೂ ಸಿಗುತ್ತವೆ. ಗಿನಿಪಿಗ್ ಕೂಡ ಹೀಗೆಯೇ ಮಾಡುತ್ತದೆ. ತಡೆಯಬೇಡಿ. ಆದರೆ ಆ ಮೆತ್ತನೆಯ ಹಿಕ್ಕೆ ತಿನ್ನದೆ ಗೂಡಿನಲ್ಲಿ ಉಳಿದಿದ್ದರೆ, ಹಿಂಭಾಗದ ಕೂದಲಿಗೆ ಮೆತ್ತಿಕೊಂಡಿದ್ದರೆ, ಪೆಲೆಟ್ ಅಥವಾ ಸಿಹಿ ಹೆಚ್ಚಾಗಿದೆ ಎಂದು ಮೊದಲು ಅನುಮಾನಿಸಿ. ಬೊಜ್ಜು ಅಥವಾ ಬೆನ್ನುನೋವಿನಿಂದ ಅದಕ್ಕೆ ಬಗ್ಗಲು ಆಗದಿದ್ದಾಗಲೂ ಹೀಗಾಗುತ್ತದೆ. ಸೆಖೆಗಾಲದಲ್ಲಿ ಆ ಕೊಳೆಗೆ ನೊಣ ಮೊಟ್ಟೆಯಿಟ್ಟು ಕೆಲವೇ ಗಂಟೆಗಳಲ್ಲಿ ಹುಳುವಾಗಬಹುದು. ಆದ್ದರಿಂದ ಹಿಂಭಾಗವನ್ನು ದಿನವೂ ನೋಡಲೇಬೇಕು.

ನೋಡಿದ್ದನ್ನು ಒಂದೇ ಸಾಲಿನಲ್ಲಿ ಬರೆದಿಡಿ. ‘ನೀರು 180 ಮಿಲಿ, ಪೆಲೆಟ್ ಖಾಲಿ, ಹಿಕ್ಕೆ ಸರಿ’ ಎಂದಿದ್ದರೆ ಸಾಕು.

ಹಂತ 3: ತೊಳೆದು ಒಣಗಿಸಿ

ಮನುಷ್ಯರ ಪಾತ್ರೆ ತೊಳೆಯುವ ಸಿಂಕಿನಲ್ಲಿ ಇದನ್ನು ಮಾಡಬೇಡಿ. ನೋಡಲು ಆರೋಗ್ಯವಾಗಿರುವ ಪ್ರಾಣಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಈ ಹಂತದಿಂದ ದೂರವಿರುವುದು ಒಳ್ಳೆಯದು.

ಮೊದಲು ಸೋಪು ಮತ್ತು ಬಿಸಿನೀರಿನಿಂದ ಬ್ರಷ್ ಹಾಕಿ ಉಜ್ಜಿ. ಬಾಟಲಿಯ ಒಳಗೆ ಬೆರಳಾಡಿಸಿ ನೋಡಿ: ಜಾರುತ್ತಿದ್ದರೆ ಲೋಳೆ ಕಟ್ಟಿದೆ. ಕಣ್ಣಿಗೆ ಬಾಟಲಿ ತಿಳಿಯಾಗಿ ಕಂಡರೂ ಈ ಲೋಳೆ ಇರಬಹುದು, ಅದು ಬ್ಯಾಕ್ಟೀರಿಯಾದ ಪದರ. ಬರೀ ನೀರಿನಲ್ಲಿ ಕಲಕಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಮುಚ್ಚಳದ ರಬ್ಬರ್ ಬಳೆಯನ್ನು ಬಿಡಿಸಿ ಅದರ ಕೆಳಗೂ ಉಜ್ಜಿ. ಕಪ್ಪು ಬೂಷ್ಟು ಅಡಗುವುದು ಅಲ್ಲಿಯೇ. ಲೋಹದ ಕೊಳವೆಯೊಳಗೆ ಸಣ್ಣ ಬ್ರಷ್ ಹಾಯಿಸಿ.

ವಾರಕ್ಕೊಮ್ಮೆ ಬ್ಲೀಚ್ ದ್ರಾವಣದಲ್ಲಿ ನೆನೆಸಿ. ಮನೆಬಳಕೆಯ, ಪರಿಮಳ ಬೆರೆಸದ ಬ್ಲೀಚ್ 30 ಮಿಲಿಯನ್ನು ಒಂದು ಲೀಟರ್ ತಣ್ಣೀರಿಗೆ ಬೆರೆಸಿ, 10 ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ಹರಿಯುವ ನೀರಿನಲ್ಲಿ ತೊಳೆಯಿರಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ, ಸೋಪು ಮೊದಲು ಎಂದದ್ದು ಅದಕ್ಕೇ. ಬಿಳಿಯ ಸುಣ್ಣದಂತಹ ಕಲೆಗೆ ವಿನೆಗರ್ ಒಳ್ಳೆಯದು. ಆದರೆ ವಿನೆಗರ್ ಮತ್ತು ಬ್ಲೀಚನ್ನು ಒಟ್ಟಿಗೆ ಎಂದೂ ಬಳಸಬೇಡಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ನಿಮಗೂ ಅಪಾಯ, ಗೂಡಿನಲ್ಲಿರುವ ಪ್ರಾಣಿಗೂ ಅಪಾಯ.

ತೊಳೆದದ್ದನ್ನು ಬೋರಲು ಹಾಕಿ ಪೂರ್ತಿ ಒಣಗಿಸಿ. ಒದ್ದೆ ಬಟ್ಟಲಿಗೆ ಪೆಲೆಟ್ ಹಾಕಿದರೆ ತಳದ ಪದರ ಸಂಜೆಗೇ ಮುಗ್ಗಲು ಹಿಡಿಯಲು ಶುರುವಾಗುತ್ತದೆ.

ಹಂತ 4: ಮೊದಲು ನೀರು

ಮೇವಿಗಿಂತ ಮೊದಲು ನೀರು ಇಡಿ. ನೀರು ಸಿಗದ ಮೊಲ ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಹೊಟ್ಟೆಯೊಳಗಿನ ಹುಲ್ಲು ಒಣಗಿ ಗಟ್ಟಿಯಾಗುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ. ಮೇವಿನ ತೊಂದರೆ ಎಂದು ನಾವು ತಿಳಿದಿದ್ದು ಎಷ್ಟೋ ಸಲ ನೀರಿನ ತೊಂದರೆಯಾಗಿರುತ್ತದೆ.

ಎಷ್ಟು ಬೇಕು? ಮೊಲಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 150 ಮಿಲಿ, ಗಿನಿಪಿಗ್‌ಗೆ ಕಿಲೋಗೆ ಸುಮಾರು 100 ಮಿಲಿ, ಹ್ಯಾಮ್‌ಸ್ಟರ್‌ಗೆ ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 10 ಮಿಲಿ. ಹಸಿ ಸೊಪ್ಪು ಹೆಚ್ಚು ತಿಂದ ದಿನ ಕಡಿಮೆ ಕುಡಿಯುತ್ತವೆ, ಸೆಖೆ ಇದ್ದ ದಿನ ಹೆಚ್ಚು. ಇಡುವಾಗ ಮಾತ್ರ ಈ ಲೆಕ್ಕದ ಎರಡರಷ್ಟು ಇಡಿ. ನಾವು ಕುಡಿಯುವ ನೀರೇ ಅವಕ್ಕೂ.

ಬಾಟಲಿ ಹಾಕುವ ಕ್ರಮ ಹೀಗೆ. ಕಂಠದವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ನೀರನ್ನು ಹೊರಗೆ ತಳ್ಳುತ್ತದೆ, ಬಾಟಲಿ ಸೋರುತ್ತದೆ. ಮುಚ್ಚಳ ಬಿಗಿದು ತಲೆಕೆಳಗು ಮಾಡಿ. ಕೆಲವು ಹನಿ ಬಿದ್ದು ನಿಲ್ಲಬೇಕು. ನಿಲ್ಲದಿದ್ದರೆ ರಬ್ಬರ್ ಬಳೆ ಸರಿಯಾಗಿ ಕೂತಿಲ್ಲ. ಈಗ ತೊಳೆದ ಬೆರಳಿನಿಂದ ಕೊಳವೆಯ ತುದಿಯ ಗುಂಡನ್ನು ಐದಾರು ಸಲ ಒತ್ತಿ. ಪ್ರತಿ ಸಲವೂ ಬೆರಳು ಒದ್ದೆಯಾಗಬೇಕು, ಬಾಟಲಿಯೊಳಗೆ ಗುಳ್ಳೆ ಮೇಲೇರಬೇಕು. ಗುಳ್ಳೆ ಬರದಿದ್ದರೆ ಪ್ರಾಣಿಗೆ ನೀರು ಬರುವುದಿಲ್ಲ. ಈ ಪರೀಕ್ಷೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಾಡಿ.

ನಾನು ಇದನ್ನು ಕಲಿತದ್ದು ತಡವಾಗಿ. ನನ್ನ ಬಳಿ ಇದ್ದ ಒಂದು ಗಿನಿಪಿಗ್ ಪೆಲೆಟ್ ಅಗಿಯುತ್ತಲೇ ಕೊಳವೆ ಕಚ್ಚುತ್ತಿತ್ತು. ಅಗಿದ ಪುಡಿ ಕೊಳವೆಯೊಳಗೆ ಸೇರಿ ಗುಂಡು ಅಂಟಿಕೊಂಡಿತ್ತು. ಬಾಟಲಿ ತುಂಬಿ ಕಾಣುತ್ತಿದ್ದುದರಿಂದ ನನಗೆ ನೆಮ್ಮದಿ. ಅದು ಒಂದೇ ಸಮನೆ ಕೊಳವೆಯನ್ನು ಅಲ್ಲಾಡಿಸುತ್ತಿದ್ದುದನ್ನು ಆಟವೆಂದುಕೊಂಡೆ. ಮರುದಿನ ನೀರಿನ ಮಟ್ಟ ಕೂದಲೆಳೆಯಷ್ಟೂ ಇಳಿದಿಲ್ಲ ಎಂದು ಗಮನಿಸಿದಾಗ ಹೊಟ್ಟೆಯಲ್ಲಿ ಆದ ಸಂಕಟ ಇನ್ನೂ ನೆನಪಿದೆ. ಪ್ರಾಣಿ ಉಳಿಯಿತು. ಅಂದಿನಿಂದ ಬಾಟಲಿಯ ಮೇಲೆ ಪೆನ್ನಿನಿಂದ ಮಟ್ಟದ ಗೆರೆ ಎಳೆಯುವುದನ್ನು ನಾನು ಒಂದು ದಿನವೂ ಬಿಟ್ಟಿಲ್ಲ. ತುಂಬಿದ ಬಾಟಲಿ ಕಂಡರೆ ಸಮಾಧಾನಪಡಬೇಡಿ, ಅನುಮಾನಪಡಿ.

ಕೊಳವೆಯ ತುದಿ ಪ್ರಾಣಿ ನಾಲ್ಕು ಕಾಲಿನಲ್ಲಿ ನಿಂತು ತಲೆಯನ್ನು ಸ್ವಲ್ಪವೇ ಮೇಲೆತ್ತಿದರೆ ಸಿಗುವ ಎತ್ತರದಲ್ಲಿರಲಿ. ಹಾಸಿನ ಹೊಟ್ಟು ಅದಕ್ಕೆ ತಾಗಬಾರದು. ತಾಗಿದರೆ ಹಾಸು ನೀರನ್ನೆಲ್ಲ ಹೀರಿ ರಾತ್ರಿ ಬೆಳಗಾಗುವುದರೊಳಗೆ ಬಾಟಲಿ ಬರಿದಾಗಿ ಗೂಡು ಕೆಸರಾಗುತ್ತದೆ. ಹ್ಯಾಮ್‌ಸ್ಟರ್ ಹಾಸನ್ನು ಅಗೆದು ರಾಶಿ ಹಾಕುವುದರಿಂದ ಇದನ್ನು ದಿನವೂ ನೋಡಬೇಕು. ನೇರ ಬಿಸಿಲು ಬೀಳುವಲ್ಲಿ ಬಾಟಲಿ ಇಡಬೇಡಿ. ನೀರು ಕಾಯುತ್ತದೆ, ಹಸಿರು ಪಾಚಿ ಕಟ್ಟುತ್ತದೆ.

ಬಾಟಲಿಯೋ ಬಟ್ಟಲೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಮೊಲಕ್ಕೆ ಬಟ್ಟಲು ಮುಖ್ಯ, ಬಾಟಲಿ ಜೊತೆಗೆ. ತಲೆ ತಗ್ಗಿಸಿ ಕುಡಿಯುವುದು ಅದರ ಸಹಜ ಭಂಗಿ, ಬಟ್ಟಲಿನಿಂದ ಧಾರಾಳವಾಗಿ ಕುಡಿಯುತ್ತದೆ. ಆದರೆ ಬಟ್ಟಲಿಗೆ ಹಿಕ್ಕೆ, ಹೊಟ್ಟು ಬೇಗ ಬೀಳುತ್ತವೆ, ಆದ್ದರಿಂದ ಕೊಳಕಾದಾಗಲೆಲ್ಲ ಬದಲಿಸಬೇಕು. ಗದ್ದದ ಕೆಳಗಿನ ಚರ್ಮ ಸದಾ ಒದ್ದೆಯಾಗಿದ್ದರೆ ಅಲ್ಲಿ ಹುಣ್ಣಾಗುತ್ತದೆ. ಅಂತಹ ಮೊಲಕ್ಕೆ ಬಾಯಿ ಕಿರಿದಾದ ಬಟ್ಟಲು ಇಡಿ. ಗಿನಿಪಿಗ್‌ಗೆ ಎರಡೂ ಇರಲಿ. ಹ್ಯಾಮ್‌ಸ್ಟರ್‌ಗೆ ಬಾಟಲಿ ಸಾಕು. ಹೊಸದಾಗಿ ತಂದ ಪ್ರಾಣಿ ಮೊದಲು ಯಾವುದರಲ್ಲಿ ಕುಡಿಯುತ್ತಿತ್ತು ಎಂದು ಕೇಳಿ ತಿಳಿದುಕೊಳ್ಳಿ. ಬಟ್ಟಲು ಬಲ್ಲ ಪ್ರಾಣಿಯ ಮುಂದೆ ಬರೀ ಬಾಟಲಿ ತೂಗುಹಾಕಿದರೆ ಅದು ಬಾಯಾರಿಯೇ ಕೂರಬಹುದು.

ನೀರಿಗೆ ಏನನ್ನೂ ಬೆರೆಸಬೇಡಿ. ಸಕ್ಕರೆ ಬೇಡ, ಜೀವಸತ್ವದ ಹನಿಯೂ ಬೇಡ. ರುಚಿ ಬದಲಾದರೆ ಕುಡಿಯುವುದನ್ನೇ ಬಿಡುತ್ತವೆ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕುವುದಂತೂ ಕೊಲ್ಲುವ ಕೆಲಸ. ಅಮಾಕ್ಸಿಸಿಲಿನ್‌ನಂತಹ ಪೆನ್ಸಿಲಿನ್ ಗುಂಪಿನ ಔಷಧಿ ಬಾಯಿಯ ಮೂಲಕ ಹೋದರೆ ಈ ಪ್ರಾಣಿಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ, ವಿಷ ಉಗುಳುವ ಬ್ಯಾಕ್ಟೀರಿಯಾ ಹೆಚ್ಚಿ ಸಾವು ಬರುತ್ತದೆ.

ಹಂತ 5: ಒಣಹುಲ್ಲು

ಮೊಲಕ್ಕೂ ಗಿನಿಪಿಗ್‌ಗೂ ಇದೇ ಊಟ, ಉಳಿದದ್ದೆಲ್ಲ ನಂಜಿಕೊಳ್ಳುವುದಕ್ಕೆ. ಒಟ್ಟು ಆಹಾರದ ಶೇಕಡ 80ರಷ್ಟಾದರೂ ಹುಲ್ಲೇ ಆಗಿರಬೇಕು. ಅಳತೆ ಸುಲಭ: ಪ್ರಾಣಿಯ ಮೈಯಷ್ಟು ದೊಡ್ಡ ಕಂತೆ ದಿನಕ್ಕೊಂದು, ಮುಗಿದರೆ ಮತ್ತೆ. ಮೊಲದ ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ, ದವಡೆಯ ಹಲ್ಲೂ ನಿಲ್ಲದೆ ಬೆಳೆಯುತ್ತದೆ. ಗಂಟೆಗಟ್ಟಲೆ ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ಪೆಲೆಟ್ ಬೇಗ ಪುಡಿಯಾಗುವುದರಿಂದ ಹಲ್ಲಿಗೆ ಆ ಕೆಲಸ ಸಿಗುವುದಿಲ್ಲ.

ಕಾಳು ಬಡಿದ ಮೇಲೆ ಉಳಿಯುವ ಹಳದಿ ಹುಲ್ಲು ಬೇರೆ, ಹಸಿ ಹುಲ್ಲನ್ನೇ ಕೊಯ್ದು ಒಣಗಿಸಿದ್ದು ಬೇರೆ. ಬೇಕಾದದ್ದು ಎರಡನೆಯದು. ಮೊದಲನೆಯದು ಹಾಸಲು ಆಗುತ್ತದೆ, ಅದನ್ನೇ ನಂಬಿದರೆ ಪೋಷಣೆ ಸಾಲದು. ಕುದುರೆಮೆಂತೆಯ (ಲೂಸರ್ನ್ ಅಥವಾ ಆಲ್ಫಾಲ್ಫಾ) ಒಣ ಮೇವಿನಲ್ಲಿ ಸುಣ್ಣದ ಅಂಶ ಹೆಚ್ಚು. ಬೆಳೆಯುವ ಮರಿಗೂ ಗಬ್ಬದ ಪ್ರಾಣಿಗೂ ಸರಿ, ವಯಸ್ಕ ಪ್ರಾಣಿಗೆ ನಿತ್ಯ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುವ ಅಪಾಯವಿದೆ.

ಹಾಕುವ ಮೊದಲು ಒಂದು ಹಿಡಿ ತೆಗೆದು ಮೂಸಿ. ಹುಲ್ಲಿನ ಸಿಹಿ ವಾಸನೆ ಬರಬೇಕು. ಮುಗ್ಗಲು ವಾಸನೆ, ಬಿಳಿ ಅಥವಾ ಕಪ್ಪು ಚುಕ್ಕೆ, ಕೊಡವಿದಾಗ ಏಳುವ ದೂಳು, ಇಲಿಯ ಹಿಕ್ಕೆ ಇವುಗಳಲ್ಲಿ ಒಂದು ಕಂಡರೂ ಆ ಕಟ್ಟನ್ನೇ ಬಿಡಿ. ಬೂಷ್ಟು ಹಿಡಿದ ಭಾಗ ಕಿತ್ತು ಉಳಿದದ್ದು ಹಾಕುತ್ತೇನೆ ಎನ್ನಬೇಡಿ. ಮೊಲ ವಾಂತಿ ಮಾಡಲಾರದು. ಒಳಗೆ ಹೋದ ವಿಷವನ್ನು ಹೊರಹಾಕುವ ದಾರಿ ಅದಕ್ಕಿಲ್ಲ.

ಮೊಲ ಮಲವಿಸರ್ಜನೆ ಮಾಡುತ್ತಲೇ ಹುಲ್ಲು ತಿನ್ನುವ ಪ್ರಾಣಿ. ಜಾಲರಿಯನ್ನು ಅದರ ಶೌಚದ ಮೂಲೆಯ ಪಕ್ಕದಲ್ಲೇ ಇಡಿ, ಆದರೆ ಮೂತ್ರ ತಾಗದಷ್ಟು ಎತ್ತರದಲ್ಲಿ. ಹ್ಯಾಮ್‌ಸ್ಟರ್‌ಗೆ ಹುಲ್ಲು ಊಟವಲ್ಲ, ಗೂಡು ಕಟ್ಟಲು ಒಂದಿಷ್ಟು ಸಾಕು.

ಹಂತ 6: ಪೆಲೆಟ್, ಅಳೆದು

ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ. ಗಿನಿಪಿಗ್‌ಗೆ ಒಂದು ದೊಡ್ಡ ಚಮಚ. ದೊಡ್ಡ ಜಾತಿಯ ಹ್ಯಾಮ್‌ಸ್ಟರ್‌ಗೆ ಸುಮಾರು 10ರಿಂದ 15 ಗ್ರಾಂ ಒಣ ಆಹಾರ, ಸಂಜೆ ಎದ್ದ ಮೇಲೆ. ಕೈಯಂದಾಜು ಬೇಡ, ಪ್ರೀತಿ ಇದ್ದಷ್ಟೂ ಹಿಡಿ ದೊಡ್ಡದಾಗುತ್ತದೆ.

ಬಣ್ಣಬಣ್ಣದ ಮಿಶ್ರ ಆಹಾರ ಮೊಲಕ್ಕೂ ಗಿನಿಪಿಗ್‌ಗೂ ಬೇಡವೇ ಬೇಡ. ಸಿಹಿ ತುಣುಕನ್ನು ಆರಿಸಿ ತಿಂದು ನಾರಿನದನ್ನು ಬಿಡುತ್ತವೆ. ನೀವು ಮೇಲಿಂದ ತುಂಬಿಸುತ್ತಾ ಹೋದರೆ ಆ ಆಯ್ಕೆ ನಡೆಯುತ್ತಲೇ ಇರುತ್ತದೆ. ಒಂದೇ ರೂಪದ ಪೆಲೆಟ್‌ನಲ್ಲಿ ಈ ಅವಕಾಶವಿಲ್ಲ.

ಗಿನಿಪಿಗ್‌ಗೆ ಮೊಲದ ಪೆಲೆಟ್ ಹಾಕಬೇಡಿ. ಮನುಷ್ಯರಂತೆ ಗಿನಿಪಿಗ್ ಕೂಡ ತನ್ನ ದೇಹದಲ್ಲಿ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಆಹಾರದಿಂದಲೇ ಬರಬೇಕು. ಅದರ ಪೆಲೆಟ್‌ಗೆ ಇದನ್ನು ಬೆರೆಸಿರುತ್ತಾರೆ, ಆದರೆ ತಯಾರಾದ ಸುಮಾರು 90 ದಿನಗಳಲ್ಲಿ ಅದರ ಬಹುಪಾಲು ಕ್ಷೀಣಿಸುತ್ತದೆ. ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಸಣ್ಣ ಚೀಲವನ್ನೇ ತನ್ನಿ. ಹೊಸ ಚೀಲವನ್ನು ಡಬ್ಬಿಯಲ್ಲಿ ಉಳಿದಿರುವ ಹಳೆಯದರ ಮೇಲೆ ಸುರಿಯಬೇಡಿ. ಹಳೆಯದು ಮುಗಿಸಿ, ಡಬ್ಬಿ ತೊಳೆದು ಒಣಗಿಸಿ ಆಮೇಲೆ ತುಂಬಿ.

ಹ್ಯಾಮ್‌ಸ್ಟರ್‌ನ ಖಾಲಿ ಬಟ್ಟಲು ಮೋಸ ಮಾಡುತ್ತದೆ. ಅದು ತಿಂದಿರುವುದಿಲ್ಲ, ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಬಚ್ಚಿಟ್ಟಿರುತ್ತದೆ. ಬಚ್ಚಿಟ್ಟ ಜಾಗವನ್ನು ದಿನವೂ ಒಮ್ಮೆ ಇಣುಕಿ, ಹಸಿ ತುಣುಕು ಕೊಳೆಯುತ್ತಿದ್ದರೆ ತೆಗೆಯಿರಿ. ಒಣ ಕಾಳನ್ನು ಪೂರ್ತಿ ಬಾಚಬೇಡಿ, ಅದು ಗಾಬರಿಯಾಗುತ್ತದೆ. ಅಂಟುವ ತಿಂಡಿ, ಚೂಪಾದ ತುಣುಕು ಆ ಚೀಲಕ್ಕೆ ಗಾಯ ಮಾಡುತ್ತವೆ.

ಹಂತ 7: ಸೊಪ್ಪು ಮತ್ತು ತರಕಾರಿ, ಕೊನೆಯಲ್ಲಿ

ಹರಿಯುವ ನೀರಿನಲ್ಲಿ ತೊಳೆದು, ನೀರು ಕೊಡವಿ, ಕೋಣೆಯ ಉಷ್ಣತೆಗೆ ಬಂದ ಮೇಲೆ ಕೊಡಿ. ಹೊಸ ಸೊಪ್ಪು ಒಂದು ಸಲಕ್ಕೆ ಒಂದೇ ಬಗೆ, ಅದೂ ಎರಡೇ ಎಲೆ. ಒಂದು ದಿನ ಹಿಕ್ಕೆ ನೋಡಿ, ಸರಿಯಿದ್ದರೆ ಮುಂದುವರಿಸಿ. ಎರಡು ಮೂರು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಿರಿ. ಗಿನಿಪಿಗ್‌ಗೆ ದಿನವೂ ಒಂದು ತುಂಡು ದೊಣ್ಣೆ ಮೆಣಸಿನಕಾಯಿ ಕೊಡಿ, ಸಿ ಜೀವಸತ್ವಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಗಜ್ಜರಿ ಮತ್ತು ಹಣ್ಣು ಸಕ್ಕರೆಯೇ, ಬೆರಳ ತುದಿಯಷ್ಟು ಸಾಕು.

ಎಂದೂ ಕೊಡಬಾರದವು: ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟ್, ಆಲೂಗಡ್ಡೆ ಮತ್ತು ಅದರ ಸೊಪ್ಪು, ಟೊಮೆಟೊ ಗಿಡದ ಎಲೆ-ಕಾಂಡ, ಲಿಲ್ಲಿ ಗಿಡ. ರಸ್ತೆಬದಿಯ ಹುಲ್ಲು, ಔಷಧಿ ಸಿಂಪಡಿಸಿದ ಹುಲ್ಲು, ಯಂತ್ರ ಕತ್ತರಿಸಿ ರಾಶಿ ಹಾಕಿದ ಹಸಿ ಹುಲ್ಲು ಕೂಡ ಬೇಡ. ಕೊನೆಯದು ಬೇಗ ಹುಳಿಯುತ್ತದೆ, ಹೊಟ್ಟೆ ಉಬ್ಬಿಸುತ್ತದೆ.

ಹಂತ 8: ಮೇವು ಬದಲಿಸುವುದಿದ್ದರೆ

ಪೆಲೆಟ್‌ನ ತಯಾರಕರನ್ನು ಬದಲಿಸಿದರೂ ಅದು ಬದಲಾವಣೆಯೇ. 7ರಿಂದ 10 ದಿನ ತೆಗೆದುಕೊಳ್ಳಿ: ಮೊದಲು ಕಾಲು ಭಾಗ ಹೊಸದು, ನಂತರ ಅರ್ಧ, ನಂತರ ಮುಕ್ಕಾಲು. ಹಿಕ್ಕೆ ಮೆತ್ತಗಾದರೆ ಹಿಂದಿನ ಪ್ರಮಾಣಕ್ಕೆ ಮರಳಿ.

ಹಂತ 9: ವಾರಕ್ಕೊಮ್ಮೆ ತೂಕ

ಒಂದೇ ದಿನ, ಒಂದೇ ಹೊತ್ತು, ಮೇವು ಹಾಕುವ ಮೊದಲು ತೂಗಿ ಬರೆದಿಡಿ. ತುಪ್ಪಳದ ಕೆಳಗೆ ಬಡಕಲಾಗುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. 1 ಕಿಲೋ ಗಿನಿಪಿಗ್ 50 ಗ್ರಾಂ ಇಳಿದರೆ ದಿನವೂ ತೂಗಲು ಶುರುಮಾಡಿ, 100 ಗ್ರಾಂ ಇಳಿಯುವವರೆಗೆ ಕಾಯದೆ ಪಶುವೈದ್ಯರಿಗೆ ತೋರಿಸಿ.

ಕಾಯಬಾರದ ಲಕ್ಷಣಗಳು

ಮೊಲ ಅಥವಾ ಗಿನಿಪಿಗ್ 12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಹಿಕ್ಕೆ ಹಾಕುವುದು ನಿಂತರೆ, ಅದು ತುರ್ತು. ‘ನಾಳೆ ಬೆಳಿಗ್ಗೆ ನೋಡೋಣ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಹೊಟ್ಟೆ ಬಿಗಿದು ಉಬ್ಬಿರುವುದು, ಗೂನು ಹಾಕಿಕೊಂಡು ಹಲ್ಲು ಕಡಿಯುವುದು, ನೀರಿನಂತಹ ಭೇದಿ, ಹ್ಯಾಮ್‌ಸ್ಟರ್‌ನ ಬಾಲದ ಸುತ್ತ ಒದ್ದೆ, ಇವೆಲ್ಲವೂ ಅದೇ ದಿನ ವೈದ್ಯರ ಬಳಿ ಒಯ್ಯಬೇಕಾದವು. ಜೊಲ್ಲಿನಿಂದ ಗದ್ದ ಒದ್ದೆಯಾಗಿದ್ದರೆ, ಮೇವನ್ನು ಬಾಯಿಗೆ ಹಾಕಿ ಮತ್ತೆ ಬೀಳಿಸುತ್ತಿದ್ದರೆ ಹಲ್ಲಿನ ತೊಂದರೆ. ಗಿನಿಪಿಗ್ ನಡೆಯಲು ಹಿಂಜರಿದರೆ, ಕೀಲು ಊದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ ಸಿ ಜೀವಸತ್ವದ ಕೊರತೆ ಇರಬಹುದು. ಇದ್ದಕ್ಕಿದ್ದಂತೆ ಎರಡರಷ್ಟು ನೀರು ಕುಡಿಯುವುದೂ ಎಚ್ಚರಿಕೆಯೇ.

ನಿತ್ರಾಣವಾದ ಪ್ರಾಣಿಯ ಬಾಯಿಗೆ ಸಿರಿಂಜಿನಿಂದ ನೀರು ಹಿಂಡಬೇಡಿ. ನುಂಗಲಾಗದಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕಟ್ಟಿಕೊಂಡಿದೆಯೇ ಎಂದು ತಿಳಿಯದೆ ಒತ್ತಾಯದಿಂದ ತಿನ್ನಿಸಲೂ ಬೇಡಿ; ಹೇಗೆ, ಎಷ್ಟು ಎಂದು ವೈದ್ಯರು ತೋರಿಸಿಕೊಡುತ್ತಾರೆ. ಪ್ರಯಾಣದ ಪೆಟ್ಟಿಗೆಯಲ್ಲಿ ಅದಕ್ಕೆ ಪರಿಚಿತವಾದ ಹುಲ್ಲು ಹಾಕಿ, ಜೊತೆಗಿರುವ ಪ್ರಾಣಿ ಇದ್ದರೆ ಅದನ್ನೂ ಕರೆದೊಯ್ಯಿರಿ. ಇವತ್ತಿನ ಹಿಕ್ಕೆಯನ್ನು ಸ್ವಚ್ಛವಾದ ಸಣ್ಣ ಚೀಲದಲ್ಲಿ ತೆಗೆದುಕೊಂಡು ಹೋಗಿ. ನೋಟ್‌ಬುಕ್ ಮರೆಯಬೇಡಿ. ಕೊನೆಯ ಸಲ ತಿಂದದ್ದು ಯಾವಾಗ, ನೀರು ಎಷ್ಟು ಇಳಿದಿತ್ತು, ಕಳೆದ ವಾರದ ತೂಕವೆಷ್ಟು ಎಂದು ವೈದ್ಯರು ಮೊದಲು ಕೇಳುವುದು ಇವನ್ನೇ.